ಒಂದೇ ಉಸಿರಿನ ಆಟ: ಕರಾವಳಿಯ ಹೆಣ್ಣುಮಕ್ಕಳೂ ಕಬಡ್ಡಿಯೂ

ಮಳೆಗಾಲ ಕಳೆದು ಗದ್ದೆಯ ಕೊಯ್ಲು ಮುಗಿದೊಡನೆ ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಊರೂರುಗಳಲ್ಲಿ ‘ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ’ ಎಂಬ ಬರಹವುಳ್ಳ ಭಿತ್ತಿಪತ್ರಗಳು ಕಾಣಿಸಿಕೊಳ್ಳುತ್ತವೆ. ಬಯಲಿನಲ್ಲಿ ದೀಪಗಳು ಉರಿಯುತ್ತವೆ. ಯಕ್ಷಗಾನದ ಆಟಕ್ಕೆ ನೆರೆದಂತೆ ಜನ ನೆರೆಯುತ್ತಾರೆ. ಬೆಳ್ಳಿ ಮೂಡುವವರೆಗೂ ಪಂದ್ಯಗಳು ನಡೆಯುವುದುಂಟು. ನೋಡುವವರಲ್ಲಿ ಹೆಂಗಸರ ಸಂಖ್ಯೆ ಸಣ್ಣದಲ್ಲ. ಆದರೆ ಅಂಕಣದೊಳಗೆ ಇಳಿಯುವವರು ಬಹುಮಟ್ಟಿಗೆ ಗಂಡಸರೇ. ಇದೇಕೆ ಹೀಗೆ? ಸ್ತ್ರೀಯ ಶರೀರಕ್ಕೆ ಈ ಆಟ ಒಗ್ಗದೆ? ಅಥವಾ ಒಗ್ಗದಿರುವುದು ನಮ್ಮ ಏರ್ಪಾಡುಗಳೆ? ಈ ಪ್ರಶ್ನೆಯನ್ನು ವಿಜ್ಞಾನದ ಬೆಳಕಿನಲ್ಲಿ ಸ್ವಲ್ಪ ವಿಚಾರಿಸಿ ನೋಡೋಣ.

ಇಪ್ಪತ್ತು ವರ್ಷಗಳ ಅಂತರ

ಮೊದಲು ನಮ್ಮ ಕರಾವಳಿಗೆ ಬಹು ದೂರವಾದ ಒಂದು ಆಟದ ಮಾತು. ಸ್ಕಾಟ್ಲೆಂಡು, ಕೆನಡಾ ಮುಂತಾದ ಶೀತ ದೇಶಗಳಲ್ಲಿ ‘ಕರ್ಲಿಂಗ್’ ಎಂಬ ಆಟವುಂಟು. ಸುಮಾರು ಇಪ್ಪತ್ತು ಕಿಲೋಗ್ರಾಂ ತೂಕದ ನುಣುಪಾದ ಗ್ರಾನೈಟ್ ಕಲ್ಲನ್ನು ಮಂಜುಗಡ್ಡೆಯ ನೆಲದ ಮೇಲೆ ಗುರಿಯತ್ತ ಜಾರಿಸುವುದು, ಅದರ ಮುಂದೆ ಪೊರಕೆಯಿಂದ ಮಂಜನ್ನು ಉಜ್ಜಿ ಕಲ್ಲಿನ ಓಟವನ್ನು ತಿದ್ದುವುದು, ಇದೇ ಆ ಆಟದ ಸಾರ. ಅದಕ್ಕೆ ಬೇಕಾದುದು ತೋಳ್ಬಲಕ್ಕಿಂತ ಹೆಚ್ಚಾಗಿ ಕಣ್ಣಳತೆ, ಸಮತೋಲ, ಲೆಕ್ಕಾಚಾರ. ಹಾಗಿದ್ದರೂ ಪುರುಷರ ವಿಶ್ವ ಸ್ಪರ್ಧೆ ಮೊದಲಾದುದು 1959ರಲ್ಲಿ, ಮಹಿಳೆಯರದು 1979ರಲ್ಲಿ. ನಡುವೆ ಇಪ್ಪತ್ತು ವರ್ಷ! 1998ರ ನಾಗಾನೊ ಒಲಿಂಪಿಕ್ಸಿನಲ್ಲಿ ಇಬ್ಬರಿಗೂ ಒಟ್ಟಿಗೆ ಪದಕಗಳನ್ನಿಟ್ಟ ಮೇಲೆ, 2018ರಲ್ಲಿ ಒಬ್ಬ ಪುರುಷ ಮತ್ತು ಒಬ್ಬ ಸ್ತ್ರೀ ಜೊತೆಗೂಡಿ ಆಡುವ ಸ್ಪರ್ಧೆಯೂ ಒಲಿಂಪಿಕ್ಸನ್ನು ಸೇರಿತು.

ನಮ್ಮ ಕಬಡ್ಡಿಯ ಕಥೆಯೂ ಇದಕ್ಕಿಂತ ತೀರ ಬೇರೆಯಲ್ಲ. ಪುರುಷರ ಮೊದಲ ರಾಷ್ಟ್ರೀಯ ಪಂದ್ಯಾವಳಿ 1952ರಲ್ಲಿ ಮದರಾಸಿನಲ್ಲಿಯೂ, ಮಹಿಳೆಯರದು 1955ರಲ್ಲಿ ಕಲಕತ್ತೆಯಲ್ಲಿಯೂ ನಡೆದುವು. ಇಷ್ಟರಮಟ್ಟಿಗೆ ನಾವು ಹಿಂದುಳಿದವರಲ್ಲ. ಆದರೆ ಏಷ್ಯನ್ ಕ್ರೀಡಾಕೂಟದಲ್ಲಿ ಪುರುಷರ ಕಬಡ್ಡಿ 1990ರಲ್ಲೇ ಸ್ಥಾನ ಪಡೆದರೆ, ಮಹಿಳೆಯರ ಕಬಡ್ಡಿ ಬಂದುದು 2010ರಲ್ಲಿ. ಇಲ್ಲಿಯೂ ಅದೇ ಇಪ್ಪತ್ತು ವರ್ಷ. ಬಾಗಿಲು ತೆರೆದೊಡನೆ ಏನಾಯಿತೆಂಬುದನ್ನು ನೋಡಬೇಕು. 2010 ಮತ್ತು 2014ರಲ್ಲಿ ಭಾರತದ ಮಹಿಳೆಯರು ಚಿನ್ನ ಗೆದ್ದರು. 2012ರ ವಿಶ್ವಕಪ್ಪನ್ನು ಗೆದ್ದ ತಂಡದ ನಾಯಕಿ ಕಾರ್ಕಳ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ. 2014ರ ಏಷ್ಯನ್ ಕೂಟದ ತಂಡವನ್ನು ನಡೆಸಿದವರು ಕರ್ನಾಟಕದವರೇ ಆದ ತೇಜಸ್ವಿನಿ ಬಾಯಿ. ಇಬ್ಬರಿಗೂ ಅರ್ಜುನ ಪ್ರಶಸ್ತಿ ಸಂದಿದೆ. 2023ರ ಅಕ್ಟೋಬರಿನಲ್ಲಿ ಹಾಂಗ್‌ಝೌ ನಗರದಲ್ಲಿ ಚೀನಾ ತೈಪೆ ತಂಡವನ್ನು 26-25ರಿಂದ, ಎಂದರೆ ಒಂದೇ ಒಂದು ಅಂಕದಿಂದ, ಸೋಲಿಸಿ ನಮ್ಮ ಮಹಿಳೆಯರು ತಂದ ಚಿನ್ನವು ಆ ಕೂಟದಲ್ಲಿ ಭಾರತದ ನೂರನೆಯ ಪದಕವಾಯಿತು.

ಹೆರ್ಮುಂಡೆಯ ನೆಲಕ್ಕೂ ಭಟ್ಕಳದ ನೆಲಕ್ಕೂ ಏನು ವ್ಯತ್ಯಾಸ? ಅದೇ ಜಂಬಿಟ್ಟಿಗೆಯ ಮಣ್ಣು, ಅದೇ ಮಳೆ, ಅದೇ ಗಂಜಿಯೂಟ. ಅಲ್ಲಿ ಆದುದು ಇಲ್ಲಿ ಏಕೆ ಆಗಬಾರದು?

ಉಸಿರಿನ ಲೆಕ್ಕ

‘ಹೆಂಗಸರಿಗೆ ಉಸಿರು ಸಾಲದು’ ಎಂಬುದು ಮೊದಲನೆಯ ಆಕ್ಷೇಪಣೆ. ಪೂರ್ತಿ ಉಸಿರೆಳೆದು ಪೂರ್ತಿ ಹೊರಬಿಟ್ಟಾಗ ಹೊರಬರುವ ಗಾಳಿಯ ಪ್ರಮಾಣವು ಪುರುಷರಲ್ಲಿಗಿಂತ ಸ್ತ್ರೀಯರಲ್ಲಿ ಸುಮಾರು ಕಾಲುಭಾಗ ಕಡಿಮೆಯೆಂಬುದು ನಿಜ. ಆದರೆ ದಾಳಿಯೊಂದಕ್ಕೆ ಇರುವ ಅವಧಿ ಮೂವತ್ತು ಸೆಕೆಂಡು ಮಾತ್ರ. ‘ಕಬಡ್ಡಿ, ಕಬಡ್ಡಿ’ ಎಂದು ಮೆಲ್ಲಗೆ ಗಾಳಿಯನ್ನು ಬಿಡುತ್ತ ಅಷ್ಟು ಹೊತ್ತು ಕಳೆಯಲು ಆರೋಗ್ಯವಂತ ಹುಡುಗಿಯ ಶ್ವಾಸಕೋಶಗಳು ಸಾಕು.

ಅಷ್ಟಾದರೂ ಹೊಸಬರಿಗೆ ಹತ್ತು ಸೆಕೆಂಡಿನಲ್ಲೇ ಉಸಿರು ಕಟ್ಟಿದಂತಾಗುವುದೇಕೆ? ಆಮ್ಲಜನಕ ತೀರಿಹೋದುದರಿಂದಲ್ಲ. ಓಡಾಡುವ ಸ್ನಾಯುಗಳಿಂದ ಇಂಗಾಲದ ಡೈ ಆಕ್ಸೈಡು ರಕ್ತಕ್ಕೆ ಸೇರುತ್ತದೆ. ಅದರ ಪ್ರಮಾಣ ಏರಿದೊಡನೆ ಮಿದುಳಿನ ಬುಡದಲ್ಲಿರುವ ಉಸಿರಾಟದ ಕೇಂದ್ರವು ‘ಉಸಿರೆಳೆ’ ಎಂದು ಆಜ್ಞಾಪಿಸುತ್ತದೆ. ಅಭ್ಯಾಸವಾದಂತೆ ಈ ಆಜ್ಞೆಯನ್ನು ಕೆಲವು ಕ್ಷಣ ತಡೆದುಕೊಳ್ಳುವ ಶಕ್ತಿ ಬೆಳೆಯುತ್ತದೆ. ಇದು ಗಂಡಿಗೂ ಹೆಣ್ಣಿಗೂ ಸಮಾನವಾದ ಗುಣ.

ಹಿಡಿಯುವವರ ಲೆಕ್ಕವೂ ಸ್ವಾರಸ್ಯವಾದುದು. ಅರುವತ್ತು ಕಿಲೋಗ್ರಾಂ ತೂಕದ ದಾಳಿಗಾರ್ತಿಯು ಸೆಕೆಂಡಿಗೆ ನಾಲ್ಕು ಮೀಟರ್ ವೇಗದಿಂದ ಮಧ್ಯರೇಖೆಯ ಕಡೆಗೆ ಓಡುತ್ತಿದ್ದಾಳೆಂದು ಭಾವಿಸೋಣ. ಐವತ್ತೈದು ಕಿಲೋಗ್ರಾಂ ತೂಕದ ಒಬ್ಬಳು ಅವಳನ್ನು ತಬ್ಬಿದರೆ ಇಬ್ಬರ ಕೂಡುವೇಗ ಸೆಕೆಂಡಿಗೆ ಎರಡು ಮೀಟರಿನಷ್ಟಕ್ಕೆ ಇಳಿಯುತ್ತದೆ. ಅಷ್ಟೇ ತೂಕದ ಎರಡನೆಯವಳು ಸೇರಿದರೆ ಒಂದೂವರೆ ಮೀಟರಿಗೂ ಕಡಿಮೆ. ಮೂರನೆಯವಳು ಸೇರಿದರೆ ಒಂದು ಮೀಟರಿನ ಆಸುಪಾಸು. ಉಳಿದುದನ್ನು ನೆಲಕ್ಕೆ ಊರಿದ ಪಾದಗಳ ಘರ್ಷಣೆ ನೋಡಿಕೊಳ್ಳುತ್ತದೆ. ಕೈ ಕೈ ಹಿಡಿದ ಸರಪಳಿಯ ಗುಟ್ಟು ಇಷ್ಟೆ. ಇದರಲ್ಲಿ ಒಬ್ಬೊಬ್ಬರ ಬಲಕ್ಕಿಂತ ಎಲ್ಲರ ಹೊಂದಾಣಿಕೆಯೇ ಮುಖ್ಯ. ಕಣಕಾಲನ್ನು ಹಿಡಿಯುವ ಪಟ್ಟಂತೂ ಇನ್ನೂ ಸರಳ: ಪಾದ ನಿಂತುಬಿಡುತ್ತದೆ, ಮೇಲಿನ ದೇಹ ಜಡತ್ವದಿಂದ ಮುಂದೆ ಹೋಗುತ್ತದೆ, ಆಟಗಾರ್ತಿ ನೆಲಕ್ಕುರುಳುತ್ತಾಳೆ.

ನಿಜವಾದ ಅಡ್ಡಿ ರಕ್ತದಲ್ಲಿದೆ

ಹಾಗಾದರೆ ದೇಹದ ಕಡೆಯಿಂದ ಯಾವ ಅಡ್ಡಿಯೂ ಇಲ್ಲವೆ? ಇದೆ. ಆದರೆ ಅದು ಪ್ರಕೃತಿಯು ವಿಧಿಸಿದುದಲ್ಲ, ನಾವು ಅಲಕ್ಷಿಸಿದುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದೊಳಗಿನ ಭಾರತೀಯ ಸ್ತ್ರೀಯರಲ್ಲಿ ಶೇಕಡ 57 ಮಂದಿ ರಕ್ತಹೀನತೆಗೆ ಒಳಗಾದವರು. ಕರ್ನಾಟಕದಲ್ಲಿ ಈ ಪ್ರಮಾಣ ಶೇಕಡ 47.8, ಎಂದರೆ ಹತ್ತಿರ ಹತ್ತಿರ ಅರ್ಧದಷ್ಟು.

ಆಟದಲ್ಲಿ ಇದರ ಪರಿಣಾಮವೇನು? ರಕ್ತದ ಕೆಂಪು ಕಣಗಳಲ್ಲಿರುವ ಹೀಮೊಗ್ಲೋಬಿನ್ ಎಂಬ ಕಬ್ಬಿಣಯುಕ್ತ ವಸ್ತುವೇ ಆಮ್ಲಜನಕವನ್ನು ಹೊರುವ ಹಮಾಲ. ಒಂದು ಗ್ರಾಂ ಹೀಮೊಗ್ಲೋಬಿನ್ ಸುಮಾರು 1.34 ಮಿಲಿಲೀಟರ್ ಆಮ್ಲಜನಕವನ್ನು ಹೊರಬಲ್ಲುದು. ನೂರು ಮಿಲಿಲೀಟರ್ ರಕ್ತದಲ್ಲಿ 12 ಗ್ರಾಂ ಹೀಮೊಗ್ಲೋಬಿನ್ ಇದ್ದರೆ 16 ಮಿಲಿಲೀಟರ್ ಆಮ್ಲಜನಕ ಸಾಗುತ್ತದೆ. 9 ಗ್ರಾಂ ಮಾತ್ರ ಇದ್ದರೆ 12 ಮಿಲಿಲೀಟರ್. ಕಾಲುಭಾಗ ನಷ್ಟ! ದಾಳಿಯ ಮೊದಲ ಕ್ಷಣಗಳಲ್ಲಿ ಸ್ನಾಯುಗಳು ತಮ್ಮೊಳಗಿನ ಶೇಖರಣೆಯಿಂದಲೇ ಕೆಲಸ ಮಾಡುತ್ತವೆ. ಆಗ ಈ ಕೊರತೆ ಕಾಣಿಸದು. ಆದರೆ ಒಂದು ದಾಳಿಗೂ ಇನ್ನೊಂದು ದಾಳಿಗೂ ನಡುವೆ ಆ ಶೇಖರಣೆಯನ್ನು ಮತ್ತೆ ತುಂಬಿಸಬೇಕಾದುದು ಆಮ್ಲಜನಕವೇ. ಆದುದರಿಂದ ರಕ್ತಹೀನಳಾದ ಹುಡುಗಿ ಮೊದಲ ಐದು ನಿಮಿಷ ಚುರುಕಾಗಿ ಆಡಿ, ಬಳಿಕ ಕುಗ್ಗುತ್ತಾಳೆ. ನೋಡಿದವರು ‘ಹೆಣ್ಣಿಗೆ ದಮ್ಮಿಲ್ಲ’ ಎನ್ನುತ್ತಾರೆ. ದಮ್ಮಿಲ್ಲದುದು ಹೆಣ್ತನಕ್ಕಲ್ಲ, ಕಬ್ಬಿಣ ಸಾಲದ ರಕ್ತಕ್ಕೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು 2020ರಲ್ಲಿ ಸೂಚಿಸಿದಂತೆ ವಯಸ್ಕ ಪುರುಷನಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣ ಬೇಕಾದರೆ ಸ್ತ್ರೀಗೆ 29 ಮಿಲಿಗ್ರಾಂ ಬೇಕು. ತಿಂಗಳ ಮುಟ್ಟಿನಲ್ಲಿ ಆಗುವ ರಕ್ತನಷ್ಟವೇ ಇದಕ್ಕೆ ಮುಖ್ಯ ಕಾರಣ. ಆದರೆ ನಮ್ಮ ಅನೇಕ ಮನೆಗಳಲ್ಲಿ ಮೀನಿನ ದೊಡ್ಡ ಹೋಳು ಗಂಡುಮಕ್ಕಳ ಎಲೆಗೆ ಬೀಳುವುದೇ ಹೆಚ್ಚು. ಅಘನಾಶಿನಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ನೀರಿಗಿಳಿದು ಹೆಂಗಸರು ಬಗೆದು ತರುವ ಬೆಳಚು ಕಬ್ಬಿಣಾಂಶ ಸಮೃದ್ಧವಾಗಿರುವ ಆಹಾರಗಳಲ್ಲಿ ಒಂದು. ಅದರಲ್ಲಿಯ ಕಬ್ಬಿಣದ ಒಂದು ಪಾಲು ದೇಹಕ್ಕೆ ಸುಲಭವಾಗಿ ಹತ್ತುವಂಥದು. ಸಸ್ಯಾಹಾರಿಗಳಿಗೆ ಹರಿವೆಸೊಪ್ಪು, ಕಾಳುಗಳು ಇವೆ; ಜೊತೆಗೆ ನಿಂಬೆ ಅಥವಾ ನೆಲ್ಲಿಕಾಯಿ ಇದ್ದರೆ ಕಬ್ಬಿಣ ಚೆನ್ನಾಗಿ ಹೀರಲ್ಪಡುತ್ತದೆ. ಊಟದೊಡನೆ ಚಹ ಕುಡಿದರೆ ಈ ಹೀರಿಕೆ ಕುಗ್ಗುತ್ತದೆ. ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆಯನ್ನು ಹುಡುಗಿಯರು ನಿಜವಾಗಿ ನುಂಗುವಂತೆ ನೋಡಿಕೊಂಡರೆ, ಅದು ಅರ್ಧ ತರಬೇತಿಗೆ ಸಮಾನ. ಮುಟ್ಟಿನ ದಿನಗಳಲ್ಲಿ ಆಡಲೇಬಾರದೆಂಬ ನಂಬಿಕೆಗೂ ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ. ನೋವಿದ್ದವರು ವಿಶ್ರಮಿಸಲಿ, ಇಲ್ಲದವರು ಆಡಲಿ.

ಮೊಣಕಾಲಿನ ಎಚ್ಚರ

ಇನ್ನೊಂದು ವಿಷಯದಲ್ಲಿ ಮಾತ್ರ ಹುಡುಗಿಯರಿಗೆ ವಿಶೇಷ ಎಚ್ಚರಿಕೆ ಬೇಕು. ತಟ್ಟನೆ ನಿಲ್ಲುವ, ತಿರುಗುವ, ನೆಗೆಯುವ ಆಟಗಳಲ್ಲಿ ಮೊಣಕಾಲಿನ ಒಳಗಿರುವ ಒಂದು ಮುಖ್ಯ ಅಸ್ಥಿಬಂಧವು ಹರಿಯುವುದು ಪುರುಷರಿಗಿಂತ ಸ್ತ್ರೀಯರಲ್ಲಿ ಎರಡು ಪಟ್ಟಿಗೂ ಹೆಚ್ಚು. ನೆಗೆದು ಇಳಿಯುವಾಗ ಮೊಣಕಾಲುಗಳು ಒಳಕ್ಕೆ ಬಾಗುವುದೇ ಇದರ ಒಂದು ದೊಡ್ಡ ಕಾರಣ. ಸಂತೋಷದ ಸಂಗತಿಯೆಂದರೆ, ಆಟಕ್ಕೆ ಮುಂಚೆ ಹದಿನೈದು ಇಪ್ಪತ್ತು ನಿಮಿಷ ಸಮತೋಲನದ, ತೊಡೆಯ ಹಿಂಭಾಗದ ಸ್ನಾಯುಗಳ ಮತ್ತು ಸರಿಯಾಗಿ ಇಳಿಯುವ ಅಭ್ಯಾಸಗಳನ್ನು ಕ್ರಮವಾಗಿ ಮಾಡಿಸಿದರೆ ಈ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆಂದು ಬೇರೆ ಬೇರೆ ಆಟಗಳಲ್ಲಿ ನಡೆದ ಪರೀಕ್ಷೆಗಳಿಂದ ತಿಳಿದುಬಂದಿದೆ. ಇದಕ್ಕೆ ಯಂತ್ರ ಬೇಡ, ಹಣ ಬೇಡ. ತಿಳಿದ ತರಬೇತುದಾರರು ಬೇಕು.

ಉಡುಪು, ಹೊತ್ತು, ದಾರಿ

ಶರೀರದ ಪ್ರಶ್ನೆ ಇಲ್ಲಿಗೆ ಮುಗಿಯಿತು. ಇನ್ನು ಉಳಿದುದು ಸಮಾಜದ ಪ್ರಶ್ನೆ. ‘ನಮ್ಮ ಹುಡುಗಿಯರ ಉಡುಪಿಗೆ ಈ ಆಟ ಹೊಂದದು’ ಎನ್ನುವವರು 2018ರ ಜಕಾರ್ತ ಕೂಟವನ್ನು ನೆನೆಯಬೇಕು. ತಲೆಯಿಂದ ಕಾಲಿನವರೆಗೆ ಮೈ ಮುಚ್ಚಿ, ತಲೆವಸ್ತ್ರ ಧರಿಸಿ ಆಡಿದ ಇರಾನಿನ ಮಹಿಳೆಯರು ಅಂತಿಮ ಪಂದ್ಯದಲ್ಲಿ ಭಾರತವನ್ನು 27-24ರಿಂದ ಸೋಲಿಸಿ ಚಿನ್ನ ಗೆದ್ದರು. ಅವರಿಗೆ ತರಬೇತು ಕೊಟ್ಟವರು ನಾಸಿಕದ ಶೈಲಜಾ ಜೈನ್ ಎಂಬ ಭಾರತೀಯ ಮಹಿಳೆ! ಭಟ್ಕಳದ ಮುಸ್ಲಿಂ ಮನೆಯ ಹುಡುಗಿಗಾಗಲಿ, ಕುಮಟೆಯ ಹಾಲಕ್ಕಿ ಮನೆಯ ಹುಡುಗಿಗಾಗಲಿ, ಹೊನ್ನಾವರದ ಖಾರ್ವಿ ಮನೆಯ ಹುಡುಗಿಗಾಗಲಿ ತನಗೆ ಒಪ್ಪುವ ಉಡುಪಿನಲ್ಲೇ ಆಡಲು ಅವಕಾಶವಿದ್ದರೆ, ತಾಯ್ತಂದೆಯರ ಅರ್ಧ ಅಂಜಿಕೆ ಅಲ್ಲಿಯೇ ಕರಗೀತು.

ಶಾಲೆಯ ಮಟ್ಟದಲ್ಲಿ ಹುಡುಗಿಯರ ಕಬಡ್ಡಿ ಇಲ್ಲದೆ ಇಲ್ಲ. ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಏಣಿ ಮೆಟ್ಟಿಲು ಮೆಟ್ಟಿಲಾಗಿ ನಿಂತಿದೆ. ಶಾಲೆ ಬಿಟ್ಟೊಡನೆ ಆ ಏಣಿ ಮುರಿಯುತ್ತದೆ. ಹುಡುಗನಿಗೆ ಊರಿನ ಯುವಕ ಸಂಘವಿದೆ, ರಾತ್ರಿಯ ಪಂದ್ಯಾವಳಿಯಿದೆ, ಬಹುಮಾನವಿದೆ. ಹುಡುಗಿಗೆ ನಡುರಾತ್ರಿ ಪರವೂರಿನಿಂದ ಮರಳುವ ದಾರಿಯಿಲ್ಲ. ಉಡುಪು ಬದಲಿಸುವ ಕೋಣೆಯಿಲ್ಲ, ಶೌಚಾಲಯವಿಲ್ಲ. ಮೇಲಿನ ಮಟ್ಟದಲ್ಲಿಯೂ ಇದೇ ಕಥೆ. 2014ರಲ್ಲಿ ಆರಂಭವಾದ ಪುರುಷರ ಪ್ರೊ ಕಬಡ್ಡಿ ಬೆಳೆಯುತ್ತ ಬಂದರೆ, 2016ರಲ್ಲಿ ಮೂರು ತಂಡಗಳಿಂದ ನಡೆದ ಮಹಿಳೆಯರ ಪಂದ್ಯಾವಳಿ ಆ ಒಂದು ವರ್ಷಕ್ಕೇ ನಿಂತಿತು.

ಪರಿಹಾರಗಳು ಅಷ್ಟೇನೂ ದುಬಾರಿಯಲ್ಲ. ಪಂದ್ಯಾವಳಿ ನಡೆಸುವ ಪ್ರತಿಯೊಂದು ಸಂಘವೂ ಮಹಿಳೆಯರ ನಾಲ್ಕು ತಂಡಗಳನ್ನು ಕರೆದು, ಅವರ ಪಂದ್ಯಗಳನ್ನು ಸಂಜೆ ನಾಲ್ಕರಿಂದ ಏಳರೊಳಗೆ ಮುಗಿಸಬಹುದು. ಬಹುಮಾನವನ್ನು ಪುರುಷರಷ್ಟೇ ಇಡಬಹುದು. ಮಹಿಳೆಯರ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ. 13ಕ್ಕೆ 10 ಮೀಟರಿನ ಪುರುಷರ ಅಂಕಣವಿದ್ದಲ್ಲಿ ಸುಣ್ಣದ ಗೆರೆಯನ್ನು ಒಳಗೆ ಎಳೆದರಾಯಿತು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಬಯಲಿನ ಆಟ ಸಾಧ್ಯವಾಗದು. ಆ ತಿಂಗಳುಗಳಲ್ಲಿ ಶಾಲೆ ಕಾಲೇಜುಗಳ ಸಭಾಂಗಣಗಳಲ್ಲಿ ಹಾಸು ಹಾಸಿ ಅಭ್ಯಾಸ ನಡೆಯಲಿ. ಭಟ್ಕಳದಿಂದ ಕುಮಟೆಗೆ ಸುಮಾರು ಅರುವತ್ತು ಕಿಲೋಮೀಟರ್. 2023ರ ಜೂನ್‌ನಲ್ಲಿ ಮೊದಲಾದ ಶಕ್ತಿ ಯೋಜನೆಯು ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣವನ್ನು ಒದಗಿಸಿದ ಮೇಲೆ, ಮೂರು ತಾಲೂಕುಗಳ ತಂಡಗಳು ಹಗಲಿನಲ್ಲಿ ಒಂದೆಡೆ ಕೂಡಲು ಪ್ರಯಾಣದ ಖರ್ಚು ನೆಪವಾಗಲಾರದು. ಹಿಂದೆ ಆಡಿದ ಮಹಿಳೆಯರನ್ನೇ ಹುಡುಕಿ ತರಬೇತುದಾರರನ್ನಾಗಿಯೂ ತೀರ್ಪುಗಾರರನ್ನಾಗಿಯೂ ನೇಮಿಸಿದರೆ ತಾಯ್ತಂದೆಯರ ವಿಶ್ವಾಸ ಇಮ್ಮಡಿಸುತ್ತದೆ.

ಇದು ಕೇವಲ ಪದಕದ ಮಾತಲ್ಲ. ಮಮತಾ ಪೂಜಾರಿ, ತೇಜಸ್ವಿನಿ ಬಾಯಿ ಇವರಿಗೆ ರೈಲ್ವೆಯಲ್ಲಿಯೂ, 2018ರ ತಂಡದಲ್ಲಿದ್ದ ಬೆಂಗಳೂರಿನ ಉಷಾರಾಣಿಯವರಿಗೆ ಪೊಲೀಸ್ ಇಲಾಖೆಯಲ್ಲಿಯೂ ಉದ್ಯೋಗ ದೊರೆತುದು ಕಬಡ್ಡಿಯ ಮೂಲಕವೇ. ಬಡಮನೆಯ ಹುಡುಗಿಗೆ ಈ ಆಟವು ಅನ್ನದ ದಾರಿಯೂ ಆಗಬಲ್ಲುದು. ಪದಕವಾಗಲಿ ನೌಕರಿಯಾಗಲಿ ದೊರೆಯದವಳಿಗೂ ಗಟ್ಟಿ ಎಲುಬು, ಕೆಂಪು ರಕ್ತ, ಹತ್ತು ಜನರೆದುರು ಎದೆಯೆತ್ತಿ ನಿಲ್ಲುವ ಧೈರ್ಯ, ಇವು ಉಳಿಯುತ್ತವೆ. ಮೀನಿನ ಬುಟ್ಟಿ ಹೊತ್ತು, ಗಜನಿ ಗದ್ದೆಯ ಕೆಸರು ತುಳಿದು, ಅಳಿವೆಯ ನೀರಿನಲ್ಲಿ ನಿಂತು ದುಡಿಯುವ ತಾಯಂದಿರ ಮಕ್ಕಳಿಗೆ ಬಲವಿಲ್ಲವೆಂದು ಹೇಳುವುದು ಯಾರಿಗೂ ಸಾಧ್ಯವಿಲ್ಲ. ಮುಂದಿನ ಕೊಯ್ಲಿನ ನಂತರ ಅಂಟಿಸುವ ಭಿತ್ತಿಪತ್ರದಲ್ಲಿ ‘ಮಹಿಳೆಯರ ವಿಭಾಗ’ ಎಂಬ ಒಂದು ಸಾಲನ್ನು ಸೇರಿಸುವ ಹೊಣೆ ಊರಿನ ಸಂಘಗಳದು. ಆ ಸಾಲನ್ನು ಓದಿ ಮಗಳನ್ನು ಕಳುಹಿಸುವ ಹೊಣೆ ಮನೆಯವರದು.