ಹೆಜ್ಜೆಗೊಂದು ಅಂಕ: ನಡಿಗೆಯ ಆಟವನ್ನು ರಚಿಸುವ ಬಗೆ

ಜನರನ್ನು ಮನೆಯಿಂದ ಹೊರಡಿಸಿ ನಡೆಯಿಸುವ ಮೊಬೈಲ್ ಆಟಗಳು ಇಂದು ಹಲವು ಉಂಟು. 2016ರಲ್ಲಿ ಹೊರಬಂದ ‘ಪೋಕೆಮಾನ್ ಗೋ’ ಇವುಗಳಲ್ಲಿ ಪ್ರಸಿದ್ಧವಾದುದು. ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪದ ಹುಡುಗರಿಗಾಗಿ ಅಂತಹುದೊಂದು ಆ್ಯಪನ್ನು ರಚಿಸಬೇಕಾದರೆ ಯಾವ ಸಂಗತಿಗಳನ್ನು ಗಮನಿಸಬೇಕೆಂಬುದನ್ನು ವಿಚಾರ ಮಾಡೋಣ.

ಮೊದಲನೆಯದು ಹೆಜ್ಜೆಯ ಎಣಿಕೆ. ಫೋನಿನೊಳಗೆ ವೇಗೋತ್ಕರ್ಷಮಾಪಕವೆಂಬ ಸಣ್ಣ ಉಪಕರಣವಿದೆ. ಅದರಲ್ಲಿ ಸಿಲಿಕಾನಿನ ಸೂಕ್ಷ್ಮವಾದ ತುಣುಕೊಂದು ಸ್ಪ್ರಿಂಗುಗಳ ಆಸರೆಯಲ್ಲಿ ನಿಂತಿರುತ್ತದೆ. ಫೋನು ಅಲುಗಿದಾಗ ಜಡತ್ವದ ಕಾರಣದಿಂದ ಈ ತುಣುಕು ಹಿಂದುಳಿಯುತ್ತದೆ. ಪಕ್ಕದ ಫಲಕಗಳಿಗೂ ಅದಕ್ಕೂ ನಡುವಣ ಅಂತರವು ಬದಲಾಗಿ, ವಿದ್ಯುತ್ ಧಾರಕತೆಯೂ ವ್ಯತ್ಯಾಸಗೊಳ್ಳುತ್ತದೆ. ನಾವು ನಡೆಯುವಾಗ ಸೆಕೆಂಡಿಗೆ ಸುಮಾರು ಎರಡು ಸಲ ಇಂತಹ ಏರಿಳಿತ ಉಂಟಾಗುವುದರಿಂದ, ಅದನ್ನೆಣಿಸಿದರೆ ಹೆಜ್ಜೆಯನ್ನೆಣಿಸಿದಂತೆಯೇ ಸರಿ.

ಆದರೆ ಕುಳಿತಲ್ಲಿಯೇ ಫೋನನ್ನು ಅಲ್ಲಾಡಿಸಿದರೂ ಅಂಕ ದೊರೆಯುವುದಲ್ಲವೆ? ಇದಕ್ಕೆ ಉಪಗ್ರಹಗಳ ಸಾಕ್ಷ್ಯ ಬೇಕು. ಜಿ.ಪಿ.ಎಸ್. ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಿಂದ ಕಾಲಸೂಚಕ ಸಂಕೇತಗಳನ್ನು ಕಳುಹಿಸುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತಗಳನ್ನು ಹೋಲಿಸಿ ಫೋನು ತಾನಿರುವ ಸ್ಥಳವನ್ನು ಗಣಿಸುತ್ತದೆ. ನಡಿಗೆಯ ವೇಗ ಗಂಟೆಗೆ ಸುಮಾರು 5 ಕಿಲೋಮೀಟರ್. ಹೆಜ್ಜೆಗಳು ಏರುತ್ತಿದ್ದರೂ ಸ್ಥಳ ಬದಲಾಗದಿದ್ದರೆ ಅದು ಕೈಚಳಕವಿರಬಹುದೆಂದೂ, ಸ್ಥಳವು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬದಲಾದರೆ ಅದು ವಾಹನದ ಪ್ರಯಾಣವೆಂದೂ ಊಹಿಸಬಹುದು.

ಎರಡನೆಯದು ಸುರಕ್ಷತೆ. ರೇಡಿಯೋ ಸಂಕೇತವು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಚಲಿಸುತ್ತದೆ. ಕಾಲದ ಅಳತೆಯಲ್ಲಿ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೂ ದೂರದಲ್ಲಿ 300 ಮೀಟರ್ ತಪ್ಪುತ್ತದೆ. ಉಪಗ್ರಹಗಳ ಗಡಿಯಾರಗಳು ಬಹು ನಿಖರವಾಗಿದ್ದರೂ ಬಯಲಿನಲ್ಲಿ ಕೆಲವು ಮೀಟರುಗಳಷ್ಟು, ಮರಗಳಡಿಯಲ್ಲಿ ಇನ್ನೂ ಹೆಚ್ಚು ತಪ್ಪು ಉಳಿದೇ ಉಳಿಯುತ್ತದೆ. ಕೊಪ್ಪದ ಪಕ್ಕದಲ್ಲಿಯೇ ಕಾವೇರಿ ಹರಿಯುತ್ತದೆ. ಮೈಸೂರು–ಮಡಿಕೇರಿ ಹೆದ್ದಾರಿಯೂ ಹಾದುಹೋಗುತ್ತದೆ. ನದಿಯ ದಡದಲ್ಲಿ ಬಹುಮಾನದ ಗುರುತನ್ನಿಟ್ಟರೆ, ಅದನ್ನು ಮುಟ್ಟಲು ಹುಡುಗನೊಬ್ಬನು ನೀರಿಗೇ ಇಳಿಯಬೇಕಾದೀತು! ಆದುದರಿಂದ ಗುರುತುಗಳು ನದಿಯಿಂದಲೂ ಹೆದ್ದಾರಿಯಿಂದಲೂ ಈ ತಪ್ಪಿನ ಹಲವು ಮಡಿ ದೂರದಲ್ಲಿರಬೇಕು. ತಾಲ್ಲೂಕಿನ ಅಂಚಿಗೆ ಆನೆಗಳಿರುವ ನಾಗರಹೊಳೆಯ ಕಾಡಿದೆ. ಅತ್ತ ಗುರುತುಗಳೇ ಕೂಡದು. ಸೂರ್ಯಾಸ್ತವಾದೊಡನೆ ಆಟವೂ ತಾನಾಗಿ ನಿಲ್ಲಬೇಕು.

ಮೂರನೆಯದು ನ್ಯಾಯ. ದಿನಕ್ಕೆ 10,000 ಹೆಜ್ಜೆಯೆಂಬ ಗುರಿಯು ಯಾವ ಪ್ರಯೋಗಶಾಲೆಯಿಂದಲೂ ಹುಟ್ಟಿದುದಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ‘ಮಾನ್ಪೊಕೆ’, ಎಂದರೆ ‘ಹತ್ತುಸಾವಿರ ಹೆಜ್ಜೆಯ ಮಾಪಕ’, ಎಂಬ ಯಂತ್ರದ ಹೆಸರಿನಿಂದ ಬಳಕೆಗೆ ಬಂದುದು. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ, 5ರಿಂದ 17 ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಾದ ದೇಹಶ್ರಮವನ್ನು ಸೂಚಿಸಿತು. ಅಲ್ಲಿರುವುದು ಹೆಜ್ಜೆಯ ಲೆಕ್ಕವಲ್ಲ, ನಿಮಿಷಗಳ ಲೆಕ್ಕ. ರಜೆಯ ದಿನ ಫೋನನ್ನು ಮನೆಯಲ್ಲಿಟ್ಟು, ಹೊಗೆಸೊಪ್ಪಿನ ಹೊರೆಯನ್ನು ಬ್ಯಾರನ್ನಿಗೆ ಹೊರುವ ವಿದ್ಯಾರ್ಥಿಯ ಶ್ರಮವನ್ನು ಯಾವ ಮಾಪಕವೂ ಎಣಿಸದು. ಗಾಲಿಕುರ್ಚಿಯಲ್ಲಿ ಚಲಿಸುವವರಿಗೆ ಹೆಜ್ಜೆಯ ಅಂಕವೇ ಇಲ್ಲ. ಊರಿಗೆಲ್ಲ ಒಂದೇ ಶ್ರೇಯಾಂಕಪಟ್ಟಿಯನ್ನು ತೂಗುಹಾಕಿದರೆ ಇವರೆಲ್ಲರೂ ಸೋಮಾರಿಗಳೆನಿಸುವರು.

ಆದಕಾರಣ ಪ್ರತಿಯೊಬ್ಬರೂ ತಮ್ಮ ನಿನ್ನೆಯ ಅಂಕದೊಡನೆ ಮಾತ್ರ ಸ್ಪರ್ಧಿಸುವಂತೆಯೂ, ಮಾಡಿದ ದುಡಿಮೆಯನ್ನು ತಾವೇ ನಮೂದಿಸುವಂತೆಯೂ ನಿಯಮವಿರಬೇಕು. ವಾಚಕರು ತಮ್ಮ ಊರಿನ ನಕ್ಷೆಯೊಂದನ್ನು ಬರೆದು, ಗುರುತುಗಳನ್ನು ಎಲ್ಲಿಡಬಹುದು, ಎಲ್ಲಿ ಇಡಬಾರದು ಎಂದು ಯೋಚಿಸಿ ನೋಡಲಿ. ಆ್ಯಪಿನ ರಚನೆಯಲ್ಲಿ ಅದೇ ಮೊದಲ ಪಾಠ.