ಜಡೆಯ ತುದಿಗೆ ವಯಸ್ಸೆಷ್ಟು?

ಭಾನುವಾರ ತಲೆಗೆ ಎರೆದುಕೊಂಡ ಮೇಲೆ ಅವ್ವ ಬಾಚಲು ಕುಳಿತಾಗ ಎಲ್ಲಿ ಹೆಚ್ಚು ನೋವಾಗುತ್ತದೆ? ನೆತ್ತಿಯ ಹತ್ತಿರ ಹಣಿಗೆ ಸಲೀಸಾಗಿ ಇಳಿಯುತ್ತದೆ. ಭುಜ ದಾಟಿದ ಕೂಡಲೇ ಸಿಕ್ಕು ಶುರು. ತುದಿಗೆ ಬಂದರಂತೂ ಕಣ್ಣಲ್ಲಿ ನೀರು! ಅದೇ ಕೂದಲು, ಅದೇ ಎಣ್ಣೆ, ಅದೇ ನೀರು. ಆದರೂ ಬುಡ ನುಣುಪು, ತುದಿ ಒರಟು. ಹೀಗೇಕೆ?

ಒಂದು ಸಣ್ಣ ಲೆಕ್ಕ ಮಾಡೋಣ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ನಿಮ್ಮ ಕೂದಲಿನ ಉದ್ದ 60 ಸೆಂ.ಮೀ. ಇದ್ದರೆ ಅದರ ತುದಿ ಸುಮಾರು 60 ತಿಂಗಳ ಹಿಂದೆ, ಎಂದರೆ 5 ವರ್ಷಗಳ ಹಿಂದೆ ಚರ್ಮದಿಂದ ಹೊರಬಂದದ್ದು. ನೀವೀಗ ಏಳನೆಯ ತರಗತಿಯಲ್ಲಿದ್ದರೆ ಜಡೆಯ ತುದಿ ನೀವು ಎರಡನೆಯ ತರಗತಿಯಲ್ಲಿದ್ದಾಗಿನದು! ಐದು ಬೇಸಿಗೆಗಳ ಬಿಸಿಲು, ನೂರಾರು ಸಲದ ಸಾಬೂನು, ದಿನದಿನದ ಬಾಚಣಿಕೆ ಎಲ್ಲವನ್ನೂ ಅದು ತಿಂದಿದೆ. ಮೊಣಕಾಲು ತರಚಿದರೆ ಹೊಸ ಚರ್ಮ ಬರುತ್ತದೆ. ಕೂದಲಿಗೆ ಆ ಭಾಗ್ಯವಿಲ್ಲ. ಜೀವಕೋಶಗಳು ಇರುವುದು ಚರ್ಮದೊಳಗಿನ ಬುಡದಲ್ಲಿ ಮಾತ್ರ. ಹೊರಗೆ ಕಾಣುವ ಎಳೆ ಕೆರಾಟಿನ್ ಎಂಬ ಪ್ರೋಟೀನಿನ ನಿರ್ಜೀವ ದಾರ. ಹಾಗಾಗಿ ‘ಕೂದಲಿಗೆ ಆಹಾರ’ ಎಂಬ ಜಾಹೀರಾತಿನ ಮಾತನ್ನು ನಂಬಬೇಡಿ. ಸತ್ತ ದಾರ ಉಣ್ಣುವುದಿಲ್ಲ.

ಈ ದಾರದ ಹೊರಮೈ ನಮ್ಮ ಮನೆಗಳ ಹೆಂಚಿನ ಮಾಡಿನಂತೆ. ತೆಳುವಾದ ಪದರಗಳು ಒಂದರ ಮೇಲೊಂದು ಜೋಡಿಸಿಕೊಂಡು ತುದಿಯ ಕಡೆಗೆ ಮುಖ ಮಾಡಿವೆ. ಪರೀಕ್ಷಿಸಿ ನೋಡಿ. ಉದುರಿದ ಉದ್ದನೆಯ ಕೂದಲೊಂದನ್ನು ಎರಡು ಬೆರಳುಗಳ ನಡುವೆ ಹಿಡಿದು ಬುಡದಿಂದ ತುದಿಗೆ ಎಳೆಯಿರಿ. ಬಳಿಕ ತುದಿಯಿಂದ ಬುಡಕ್ಕೆ ಎಳೆಯಿರಿ. ಎರಡನೆಯ ಸಲ ತುಸು ತಡೆದಂತಾಗುತ್ತದೆ. ಹೆಂಚುಗಳ ಅಂಚು ಬೆರಳಿಗೆ ಸಿಗುತ್ತಿದೆ! ಹಳೆಯ ಕೂದಲಿನಲ್ಲಿ ಈ ಹೆಂಚುಗಳು ಎದ್ದಿರುತ್ತವೆ, ಮುರಿದಿರುತ್ತವೆ. ಪಕ್ಕದ ಎಳೆಯ ಅಂಚಿಗೆ ಸಿಕ್ಕಿಕೊಳ್ಳುತ್ತವೆ. ಸಿಕ್ಕು ಎಂದರೆ ಇದೇ.

ಇದಕ್ಕೆ ನೀರೂ ಸೇರಿಕೊಳ್ಳುತ್ತದೆ. ಹುಬ್ಬಳ್ಳಿ-ಧಾರವಾಡಕ್ಕೆ ಕುಡಿಯುವ ನೀರು ಬರುವುದು ಮಲಪ್ರಭಾ ನದಿಯಿಂದ, ಸವದತ್ತಿ ಹತ್ತಿರದ ನವಿಲುತೀರ್ಥದ ಜಲಾಶಯದಿಂದ. ನಲ್ಲಿ ನೀರು ಬಾರದ ದಿನ ಕೊಳವೆಬಾವಿಯೇ ಗತಿ. ಕಲ್ಲಿನ ಸಂದುಗಳಲ್ಲಿ ಬಹುಕಾಲ ನಿಂತ ನೀರಿನಲ್ಲಿ ಕ್ಯಾಲ್ಸಿಯಮ್, ಮೆಗ್ನೀಸಿಯಮ್ ಲವಣಗಳು ಕರಗಿರುತ್ತವೆ. ಇದೇ ಗಡಸು ನೀರು. ಹಂಡೆಯ ಒಳಮೈಗೆ ಬಿಳಿ ಪದರ ಕಟ್ಟುವುದು ಇದರಿಂದ. ಒಂದು ಬಾಟಲಿಯಲ್ಲಿ ಮಳೆನೀರು, ಇನ್ನೊಂದರಲ್ಲಿ ಅಷ್ಟೇ ಕೊಳವೆಬಾವಿಯ ನೀರು ಹಾಕಿ. ಎರಡಕ್ಕೂ ಮೈಸಾಬೂನಿನ ಒಂದೇ ಅಳತೆಯ ತುರಿ ಸೇರಿಸಿ, 20 ಸಲ ಕುಲುಕಿ. ಮಳೆನೀರು ಬುರುಗು ಕಟ್ಟುತ್ತದೆ. ಗಡಸು ನೀರಿನಲ್ಲಿ ಬುರುಗು ಕಡಿಮೆ, ಮೇಲೆ ಬಿಳಿ ಕೆನೆಯಂಥ ಗಸಿ. ಆ ಗಸಿಯೇ ಕೂದಲಿಗೆ ಅಂಟಿ ಅದನ್ನು ಜಿಗುಟಾಗಿಸುತ್ತದೆ. ಶಾಂಪೂ ಇಂಥ ಗಸಿ ಮಾಡುವುದಿಲ್ಲ. ಆದರೆ ಅದು ಕೊಳೆಯೊಂದಿಗೆ ಎಣ್ಣೆಯ ಅಂಶವನ್ನೂ ತೊಳೆದುಬಿಡುತ್ತದೆ.

ಕಂಡೀಷನರ್ ಕೆಲಸ ಇಲ್ಲಿಂದ ಶುರು. ಒದ್ದೆ ಕೂದಲಿನ ಮೈಮೇಲೆ ಋಣ ವಿದ್ಯುದಾವೇಶ ಇರುತ್ತದೆ. ಸವೆದ ಕಡೆ ಅದು ಹೆಚ್ಚು. ಕಂಡೀಷನರಿನಲ್ಲಿ ಧನ ಆವೇಶದ ಅಣುಗಳಿವೆ. ಧನ-ಋಣ ಆಕರ್ಷಿಸುತ್ತವೆ ಎಂದು ನೀವು ಓದಿದ್ದೀರಲ್ಲ! ಎಲ್ಲಿ ಕೂದಲು ಹೆಚ್ಚು ಕೆಟ್ಟಿದೆಯೋ ಅಲ್ಲೇ ಈ ಅಣುಗಳು ಹೆಚ್ಚು ಹೋಗಿ ಕೂರುತ್ತವೆ. ಅವುಗಳ ಎಣ್ಣೆಯಂಥ ಬಾಲ ಹೊರಗೆ ಚಾಚಿಕೊಂಡು ಹಣಿಗೆ ಜಾರುವಂತೆ ಮಾಡುತ್ತದೆ. ಹೆಂಚು ರಿಪೇರಿಯಾಗುವುದಿಲ್ಲ, ಮೇಲೊಂದು ತೆಳು ಹೊದಿಕೆ ಬೀಳುತ್ತದೆ ಅಷ್ಟೆ.

ಶಾಂಪೂವಿನ ಅಣುಗಳು ಸಾಮಾನ್ಯವಾಗಿ ಋಣ ಆವೇಶದವು. ಎರಡನ್ನೂ ಅಂಗೈಯಲ್ಲಿ ಬೆರೆಸಿ ಹಚ್ಚಿದರೆ ಅವು ತಮ್ಮತಮ್ಮಲ್ಲೇ ಅಂಟಿಕೊಂಡು ಎರಡೂ ದಂಡ. ಮೊದಲು ಶಾಂಪೂ ಹಾಕಿ ಚೆನ್ನಾಗಿ ತೊಳೆಯಿರಿ. ಕೂದಲನ್ನು ಮೆಲ್ಲಗೆ ಹಿಂಡಿ. ಒಂದು ರೂಪಾಯಿ ನಾಣ್ಯದಗಲ ಕಂಡೀಷನರನ್ನು ಕಿವಿಯಿಂದ ಕೆಳಗಿನ ಕೂದಲಿಗೆ, ಮುಖ್ಯವಾಗಿ ತುದಿಗೆ ಸವರಿ. ನೆತ್ತಿಗೆ ಬೇಡ. ಅಲ್ಲಿ ಚರ್ಮದ ಗ್ರಂಥಿಗಳೇ ಎಣ್ಣೆ ಸುರಿಸುತ್ತವೆ, ಕೂದಲೂ ಹೊಸದು. ಎರಡು ನಿಮಿಷ ಬಿಟ್ಟು ತೊಳೆಯಿರಿ. ತೊಳೆದರೆ ಎಲ್ಲ ಹೋಗಿಬಿಡುತ್ತದೆಂಬ ಭಯ ಬೇಡ. ಹೆಚ್ಚಾದದ್ದು ಮಾತ್ರ ಹೋಗುತ್ತದೆ, ಅಂಟಿದ್ದು ಉಳಿಯುತ್ತದೆ. ಗಿಡ್ಡ ಕ್ರಾಪಿನ ಹುಡುಗರೇ, ನಿಮ್ಮ ಕೂದಲಿಗೆ ಹೆಚ್ಚೆಂದರೆ ಐದಾರು ತಿಂಗಳು ವಯಸ್ಸು. ನಿಮಗೇಕೆ ಈ ಖರ್ಚು?

ಕೊಳ್ಳಲೇಬೇಕೆಂದೂ ಇಲ್ಲ. ದಾಸವಾಳದ ಎಲೆಯನ್ನು ನೀರಿನಲ್ಲಿ ಕಿವುಚಿದರೆ, ಮೆಂತ್ಯವನ್ನು ರಾತ್ರಿ ನೆನೆಸಿ ಅರೆದರೆ ಬರುವ ಲೋಳೆಯೂ ಎಳೆಗಳನ್ನು ಜಾರಿಸುತ್ತದೆ. ಕಂಡೀಷನರಿನಷ್ಟು ಗಟ್ಟಿಯಾಗಿ ಅಂಟುವುದಿಲ್ಲ ನಿಜ, ಆದರೆ ಹಣಿಗೆ ಇಳಿಯಲು ಅಷ್ಟು ಸಾಕು. ಸೀಗೆಕಾಯಿಯ ನೀರು ತುಸು ಆಮ್ಲೀಯ, ಸಾಬೂನು ಪ್ರತ್ಯಾಮ್ಲೀಯ. ಪ್ರತ್ಯಾಮ್ಲದಲ್ಲಿ ಕೂದಲು ಉಬ್ಬಿ ಹೆಂಚುಗಳು ಏಳುತ್ತವೆ, ಆಮ್ಲದಲ್ಲಿ ಒರಗುತ್ತವೆ. ಅಜ್ಜಿಯ ಸೀಗೆಕಾಯಿ ಗಡಸು ನೀರಿನಲ್ಲೂ ಗಸಿ ಕಟ್ಟದೆ ತೊಳೆಯುತ್ತಿತ್ತು.

ಬಾಚುವಾಗ ತುದಿಯಿಂದ ಶುರುಮಾಡಿ, ಸ್ವಲ್ಪಸ್ವಲ್ಪವಾಗಿ ಮೇಲೆ ಹೋಗಿ. ನೆತ್ತಿಯಿಂದ ಎಳೆದರೆ ಸಿಕ್ಕುಗಳೆಲ್ಲ ಕೆಳಗೆ ಒಟ್ಟಾಗಿ ಗಂಟಾಗುತ್ತವೆ.

ನೆತ್ತಿಗೆ ಬೇಡವೆಂದ ಮಾತಿಗೆ ಒಂದೇ ಅಪವಾದವಿದೆ, ಹೇನು. ಹೇನು ಯಾರ ತಲೆಗಾದರೂ ಬರಬಹುದು, ಅದು ಕೊಳಕಿನ ಗುರುತಲ್ಲ. ಬೆಂಚಿನಲ್ಲಿ ಪಕ್ಕ ಕೂತವರನ್ನು ದೂರ ಸರಿಸಬೇಡಿ. ಒದ್ದೆ ತಲೆಗೆ ಬುಡದವರೆಗೂ ಧಾರಾಳವಾಗಿ ಕಂಡೀಷನರ್ ಹಚ್ಚಿ ಹೇನಿನ ಹಣಿಗೆಯಿಂದ ಬಾಚಿ. ಅದು ಹೇನನ್ನು ಕೊಲ್ಲುವುದಿಲ್ಲ. ಆದರೆ ಹೇನು ಚುರುಕಾಗಿ ಓಡಲಾರದು, ಹಣಿಗೆ ಬುಡದಿಂದಲೇ ಜಾರುತ್ತದೆ. ಪ್ರತಿ ಸಲ ಹಣಿಗೆಯನ್ನು ಬಿಳಿ ಬಟ್ಟೆಗೆ ಒರೆಸಿ ನೋಡಿ. ಸೀರು ಒಡೆಯಲು ಒಂದು ವಾರದಿಂದ ಹತ್ತು ದಿನ ಬೇಕು. ಆದ್ದರಿಂದ 3-4 ದಿನಗಳಿಗೊಮ್ಮೆ, ಎರಡು ವಾರ ಬಿಡದೆ ಬಾಚಬೇಕು.