ಮಂಗನ ಹೆಗಲು, ಮನುಷ್ಯನ ಹೆಗಲು

ವಯನಾಡು, ನೀಲಗಿರಿಗಳಲ್ಲಿ ನಾವು ಕಾಣುವ ಮಂಗ ಕೊಂಬೆಯ ಮೇಲೆ ನಾಲ್ಕು ಕಾಲುಗಳಲ್ಲಿ ಓಡುತ್ತದೆ. ಅಸ್ಸಾಮಿನ ಹೂಲಾಕ್ ಗಿಬ್ಬನ್ ಕೊಂಬೆಯ ಕೆಳಗೆ ಕೈಗಳಿಂದ ಜೋತುಬಿದ್ದು ಸಾಗುತ್ತದೆ. ಈ ಭೇದದ ಗುಟ್ಟು ಬಹುಮಟ್ಟಿಗೆ ಹೆಗಲಿನಲ್ಲಿದೆ. ಮಂಗನ ಎದೆಗೂಡು ನಾಯಿಯದರಂತೆ ಇಕ್ಕಟ್ಟು. ಹೆಗಲಮೂಳೆಗಳು ಅದರ ಪಕ್ಕಗಳಲ್ಲಿದ್ದು, ತೋಳಿನ ಮೂಳೆ ಕೂಡುವ ಗುಳಿ ನೆಲದತ್ತ ಮುಖಮಾಡಿದೆ. ಮೈಭಾರ ಹೊರಲು ಅದೇ ಅನುಕೂಲ. ಗಿಬ್ಬನ್, ಚಿಂಪಾಂಜಿಗಳ ಎದೆ ಅಗಲ. ಹೆಗಲಮೂಳೆ ಬೆನ್ನಿಗೆ ಸರಿದಿದೆ, ಗುಳಿ ಮೇಲ್ಮುಖವಾಗಿದೆ. ನಮ್ಮ ಹೆಗಲೂ ಈ ಎರಡನೆಯ ಬಗೆಯದೇ, ಗುಳಿ ಮಾತ್ರ ಪಕ್ಕಕ್ಕೆ ತಿರುಗಿದೆ. (ನಾವು ಇಂದಿನ ಮಂಗನಿಂದ ಬಂದವರಲ್ಲ, ಇಬ್ಬರಿಗೂ ಪೂರ್ವಜರು ಒಂದೇ, ಮಕ್ಕಳಿಗೆ ಇದನ್ನು ಸರಿಯಾಗಿ ಹೇಳಬೇಕು.)

ಈ ತಿರುವು ಯಾವಾಗ ಬಂದಿತು? ಇಥಿಯೋಪಿಯದ ಡಿಕಿಕದಲ್ಲಿ 2000ದಲ್ಲಿ ದೊರೆತ ‘ಸೆಲಾಮ್’ 33 ಲಕ್ಷ ವರ್ಷಗಳ ಹಿಂದಿನ, ಸುಮಾರು ಮೂರು ವರ್ಷದ ಹೆಣ್ಣುಮಗು. ಕಾಲು ಎರಡು ಕಾಲಲ್ಲಿ ನಡೆಯುವವರದು. ಹೆಗಲಿನ ಗುಳಿಯೋ ಚಿಂಪಾಂಜಿಯಂತೆ ಮೇಲ್ಮುಖ. ನಡೆಯಲು ಕಲಿತ ಮೇಲೂ ಆ ಪೂರ್ವಿಕರು ಮರವೇರುತ್ತಿದ್ದರೆಂದು 2012ರಲ್ಲಿ ವಿಜ್ಞಾನಿಗಳು ವಾದಿಸಿದರು. ಅದು ಹಳೆಯ ರಚನೆಯ ಉಳಿಕೆಯಷ್ಟೇ ಎನ್ನುವವರೂ ಉಂಟು. ಮೊದಲ ವಾದವೇ ನಮಗೆ ಸಮಂಜಸವೆನಿಸುತ್ತದೆ: ಮನುಷ್ಯಶಿಶುವಿನಲ್ಲೂ ಗುಳಿ ಕೊಂಚ ಮೇಲ್ಮುಖವಾಗಿದ್ದು, ಬೆಳೆದಂತೆ ಪಕ್ಕಕ್ಕೆ ತಿರುಗುತ್ತದೆ, ಸೆಲಾಮ್‌ಳ ಕುಲದಲ್ಲಾದರೋ ದೊಡ್ಡವರಲ್ಲೂ ಅದು ಮೇಲ್ಮುಖವಾಗಿಯೇ ಉಳಿದಿತ್ತು.